ಕಾರವಾರದ ಕಡಲ ತಡಿಯಲ್ಲಿ ಮೂರು ದಿನ

ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ಏಳಿಗೆಯ ಕುರಿತು ನಾಲ್ಕು ಮಾತು ಬರೆದರಾಯಿತೆಂದು ಒಪ್ಪಿಕೊಂಡೆನು. ಆದರೆ ಲೇಖನಿ ಹಿಡಿದು ಕುಳಿತಾಗ ಮನಸ್ಸು ಕಾರವಾರದ ಕಡಲ ತಡಿಗೆ ಓಡಿತು. ಅಲ್ಲಿ ಕಳೆದ ಮೂರು ದಿನಗಳು ನನ್ನ ಅಧ್ಯಾಪಕ ವೃತ್ತಿಯ ಅತ್ಯಂತ ಸುಖದ ದಿನಗಳು. ಯಾರಿಗೂ ಪೂರ್ತಿಯಾಗಿ ಹೇಳದೆ ಬಚ್ಚಿಟ್ಟ ದಿನಗಳೂ ಅವೇ.

ನಾನು ಗಬ್ಬೂರಿನವನು. ಇಂದು ಗಬ್ಬೂರೆಂದರೆ ಜನರಿಗೆ ಬೈಪಾಸ್ ರಸ್ತೆಯ ನೆನಪಾಗುತ್ತದೆ. ನನ್ನ ಬಾಲ್ಯದಲ್ಲಿ ಅದು ಹುಬ್ಬಳ್ಳಿಯ ಮಗ್ಗುಲಿನ ಒಂದು ಹಳ್ಳಿ. ಹತ್ತಿ, ಜೋಳ, ಮೆಣಸಿನಕಾಯಿಗಳನ್ನು ಬಲ್ಲ ನಮಗೆ ನೀರೆಂದರೆ ಬಾವಿ, ಕೆರೆ, ಮಳೆಗಾಲದ ಹಳ್ಳ. ಇಪ್ಪತ್ತೇಳು ವರ್ಷ ತುಂಬುವವರೆಗೆ ನಾನು ಸಮುದ್ರವನ್ನು ಕಂಡವನಲ್ಲ. ಭೂಗೋಲದ ಪಾಠದಲ್ಲಿ ಭರತ ಇಳಿತಗಳನ್ನು ಮಾತ್ರ ಬಹಳ ಆತ್ಮವಿಶ್ವಾಸದಿಂದ ಕಲಿಸುತ್ತಿದ್ದೆನು!

1979ರ ಸಂಕ್ರಾಂತಿಯ ಮರುವಾರ ಒಂಬತ್ತನೆಯ ತರಗತಿಯ ಮೂವತ್ತನಾಲ್ಕು ಬಾಲಕರನ್ನು ಕರೆದುಕೊಂಡು ನಾವಿಬ್ಬರು ಶಿಕ್ಷಕರು ಬಾಡಿಗೆಯ ಬಸ್ಸಿನಲ್ಲಿ ಹೊರಟೆವು. ಹುಬ್ಬಳ್ಳಿಯಿಂದ ಕಾರವಾರಕ್ಕೆ 160 ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಲಘಟಗಿ ದಾಟಿದಂತೆ ಬಯಲು ಮುಗಿದು ಕಾಡು ತೊಡಗಿತು. ಯಲ್ಲಾಪುರದ ಮುಂದೆ ಅರಬೈಲು ಘಟ್ಟವನ್ನು ಇಳಿಯುವಾಗ ಹುಡುಗರ ಹಾಡು ತಾನಾಗಿಯೇ ನಿಂತಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯಲ್ಲಿ ಬಸ್ಸು ನಿಲ್ಲಿಸಿ ಆ ಕಥೆಯನ್ನು ಹೇಳಿದೆವು. ಸಂಜೆಯ ಹೊತ್ತಿಗೆ ಕಾರವಾರವನ್ನು ಸೇರಿದಾಗ ಎದುರಿಗೆ ಕಡಲು! ಒಬ್ಬ ಹುಡುಗ ಓಡಿ ಹೋಗಿ ಬೊಗಸೆಯಲ್ಲಿ ನೀರು ತುಂಬಿ ಕುಡಿದು, ಮುಖ ಕಿವಿಚಿ ಎಲ್ಲರನ್ನೂ ನಗಿಸಿದನು.

ಗಾಳಿಮರಗಳ ತೋಪಿನಲ್ಲಿ ತಾಡಪತ್ರಿ ಕಟ್ಟಿ ಬಿಡಾರ ಹೂಡಿದೆವು. ಹಾಸಲು ಜಮಖಾನೆ, ಹೊದೆಯಲು ಮನೆಯಿಂದ ತಂದ ಕೌದಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಗಳ ಗಂಟುಗಳಿದ್ದವು. ಮೂರು ಕಲ್ಲಿನ ಒಲೆಯ ಮೇಲೆ ಅನ್ನ ಸಾರು ಬೇಯುತ್ತಿದ್ದವು. ಮುಂಜಾನೆ ಮೀನುಗಾರರು ರಂಪಣಿ ಬಲೆಯ ಹಗ್ಗವನ್ನು ದಂಡೆಯಿಂದ ಎಳೆಯುವಾಗ ನಮ್ಮ ಹುಡುಗರೂ ಕೈಗೂಡಿಸಿದರು. ಬಲೆ ದಡಕ್ಕೆ ಬಂದು ಮೀನುಗಳು ವಿಲವಿಲ ಒದ್ದಾಡಿದಾಗ ಹಲವರು ಮುಖ ತಿರುಗಿಸಿದರು. ಆದರೂ ಆ ದುಡಿಮೆಯ ಬಗೆಗೆ ಅವರಲ್ಲಿ ಗೌರವ ಹುಟ್ಟಿದ್ದನ್ನು ಕಂಡೆನು. ರಾತ್ರಿ ದೂರದ ದೇವಗಡ ದ್ವೀಪದ ದೀಪಸ್ತಂಭವು ಮಿನುಗುತ್ತಿತ್ತು.

ಎರಡನೆಯ ರಾತ್ರಿ ಹುಡುಗರಿಗೆ ರವೀಂದ್ರನಾಥ ಠಾಕೂರರ ವಿಷಯ ಹೇಳಿದೆನು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಅವರಲ್ಲಿಗೆ ಬಂದಿದ್ದ ತರುಣ ಕವಿ ಇಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಎಲ್ಲ ಬಂಧನಗಳನ್ನೂ ಕಡಿದುಕೊಂಡೆನೆಂದು ಹೆಮ್ಮೆಪಡುವ ಸಂನ್ಯಾಸಿಯೊಬ್ಬ ತನ್ನನ್ನು ನಂಬಿದ ಅನಾಥ ಬಾಲೆಯನ್ನು ತೊರೆದು ಹೋಗುತ್ತಾನೆ. ಮನಸ್ಸು ಕರಗಿ ಮರಳಿ ಬರುವಷ್ಟರಲ್ಲಿ ಆಕೆ ತೀರಿಹೋಗಿರುತ್ತಾಳೆ. ಈ ಕಥೆಯನ್ನು ಬಹು ರಸವತ್ತಾಗಿ ಹೇಳಿ ಮಲಗಿದೆನು.

ಮೂರನೆಯ ದಿನ ಬೆಳಿಗ್ಗೆ ನನ್ನ ಸಹೋದ್ಯೋಗಿಗಳು ಕಾಯಿಪಲ್ಲೆ ತರಲು ಪೇಟೆಗೆ ಹೋಗಿದ್ದರು. ಮೊಣಕಾಲುದ್ದದ ನೀರನ್ನು ದಾಟಬಾರದೆಂದು ಹುಡುಗರಿಗೆ ಹೇಳಿ ನಾನು ಮರದ ನೆರಳಿಗೆ ಒರಗಿದೆನು. ಗಾಳಿ ತಂಪಾಗಿತ್ತು. ಮನೆಯ ಚಿಂತೆ, ಪರೀಕ್ಷೆಯ ಚಿಂತೆ ಯಾವುದೂ ಇರಲಿಲ್ಲ. ಕಣ್ಣು ಮುಚ್ಚಿತು.

ಕೂಗು ಕೇಳಿ ಎದ್ದಾಗ ಹುಡುಗರು ಕಾಳಿ ನದಿಯ ಅಳಿವೆಯ ಕಡೆಗೆ ಬಹುದೂರ ಸರಿದಿದ್ದರು. ನೀರಿನಲ್ಲಿ ಒಂದು ತಲೆ ಮಾತ್ರ ದೂರ ದೂರ ಹೋಗುತ್ತಿತ್ತು. ನಾನು ಓಡಿದೆನು, ಎದೆಯುದ್ದದ ನೀರಿನವರೆಗೆ ಹೋಗಿ ನಿಂತುಬಿಟ್ಟೆನು. ನನಗೆ ಈಜು ಬರುತ್ತಿರಲಿಲ್ಲ. ಅಷ್ಟರಲ್ಲಿ ಬಲೆ ತೊಳೆಯುತ್ತಿದ್ದ ಒಬ್ಬ ಮೀನುಗಾರ ದೋಣಿಯನ್ನು ನೂಕಿ, ಓರೆಯಾಗಿ ಹುಟ್ಟು ಹಾಕುತ್ತ ಹೋಗಿ ಹುಡುಗನನ್ನು ಎತ್ತಿಕೊಂಡು ಬಂದನು. ಮರಳಿನ ಮೇಲೆ ಮಲಗಿಸಿದಾಗ ಹುಡುಗ ನೀರು ಕಾರಿ ಕಣ್ಣು ತೆರೆದನು. ಅವನು ಮೊದಲು ಕಂಡದ್ದು ಅವನ ಮೇಲೆ ಬಾಗಿದ್ದ ನನ್ನ ಒದ್ದೆ ಮುಖವನ್ನು.

ಇಪ್ಪತ್ತು ರೂಪಾಯಿಯ ನೋಟನ್ನು ಚಾಚಿದರೆ ಆ ಹಿರಿಯ ಮುಟ್ಟಲಿಲ್ಲ. “ಮಾಸ್ತರೆ, ತೆರೆ ಒಡೆಯುವ ಕಡೆ ನೀರು ದಂಡೆಗೆ ದೂಡುತ್ತದೆ. ತೆರೆ ಒಡೆಯದೆ ಸುಮ್ಮನಿರುವ ಕಡೆಯಲ್ಲಿಯೇ ಸೆಳೆತ. ಇಳಿತದ ಹೊತ್ತಿಗೆ ಅಳಿವೆಯ ನೀರೂ ಹೊರಗೆ ಎಳೆಯುತ್ತದೆ. ಮಕ್ಕಳು ಸುಮ್ಮನಿರುವ ನೀರನ್ನೇ ಹುಡುಕಿ ಹೋಗುತ್ತಾರೆ. ನೀವು ನೋಡಬೇಕು” ಎಂದನು. ನಮ್ಮ ರೊಟ್ಟಿ ಚಟ್ನಿಯನ್ನು ಮಾತ್ರ ಪ್ರೀತಿಯಿಂದ ಸ್ವೀಕರಿಸಿದನು. ಗಾಬರಿಯಲ್ಲಿ ಅವನ ಹೆಸರನ್ನು ಸಹ ನಾನು ಕೇಳಲಿಲ್ಲ.

ಊರಿಗೆ ಮರಳಿದ ಮೇಲೆ ಪ್ರವಾಸದ ವರದಿಯಲ್ಲಿ ‘ಎಲ್ಲರೂ ಸುಖರೂಪವಾಗಿ ಮರಳಿದೆವು’ ಎಂದು ಬರೆದೆನು. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ, ಸತ್ಯವೂ ಇರಲಿಲ್ಲ. ಹುಡುಗನೊಬ್ಬ ನೀರು ಕುಡಿದನೆಂಬುದಷ್ಟೇ ಎಲ್ಲರಿಗೂ ತಿಳಿಯಿತು. ಆ ಬಾಲಕ ಮುಂದೆ ದೊಡ್ಡ ಹುದ್ದೆಗೇರಿದನು. ಹಳೆಯ ವಿದ್ಯಾರ್ಥಿಗಳ ಸಮ್ಮೇಳನಗಳಲ್ಲಿ ಅವನು ಎದ್ದು ನಿಂತು, “ಅಂದು ನಮ್ಮ ಸರ್ ನನ್ನನ್ನು ಉಳಿಸಿದರು” ಎಂದು ಹೇಳಿದಾಗಲೆಲ್ಲ ಸಭೆ ಚಪ್ಪಾಳೆ ತಟ್ಟುತ್ತಿತ್ತು. ನಾನು ತಲೆ ತಗ್ಗಿಸುತ್ತಿದ್ದೆನು. ಜನರು ಅದನ್ನು ವಿನಯವೆಂದು ತಿಳಿದರು.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡ ಸುದ್ದಿ ಬಂತು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಮಕ್ಕಳಿಗೂ ನನ್ನ ಹುಡುಗನಿಗೂ ನಡುವೆ ಇದ್ದ ಅಂತರ ಒಂದು ದೋಣಿ ಮಾತ್ರ. ಆದುದರಿಂದ ಈ ಸಂಚಿಕೆಯ ಪುಟದಲ್ಲಿ ಬರೆದು ತಿಳಿಸುತ್ತಿದ್ದೇನೆ: ಮಗೂ, ನಿನ್ನನ್ನು ಉಳಿಸಿದವನು ನಾನಲ್ಲ. ನಾನು ಮಲಗಿದ್ದೆನು.

ಕಾರವಾರ ಇಂದಿಗೂ ನನ್ನ ಪ್ರೀತಿಯ ಊರು. ಆ ತೀರ ಈಗ ಠಾಕೂರರ ಹೆಸರನ್ನು ಹೊತ್ತಿದೆ. ಪಕ್ಕದಲ್ಲಿ ‘ಚಪಲ’ ಯುದ್ಧನೌಕೆಯು ವಸ್ತುಸಂಗ್ರಹಾಲಯವಾಗಿ ನಿಂತಿದೆ. ಮೊಮ್ಮಕ್ಕಳೊಡನೆ ಹೋದಾಗ ಮರಳಿನ ಮೇಲೆ ಕುಳಿತು ಅವರ ತಲೆಗಳನ್ನು ಎಣಿಸುತ್ತಿರುತ್ತೇನೆ. ಮಕ್ಕಳನ್ನು ಕಡಲಿಗೆ ಕರೆದೊಯ್ಯಬೇಡಿರೆಂದು ನನ್ನ ಶಿಕ್ಷಕ ಬಂಧುಗಳಿಗೆ ನಾನು ಹೇಳಲಾರೆ. ಎರೆಭೂಮಿಯ ಮಕ್ಕಳು ಸಮುದ್ರವನ್ನು ನೋಡಲೇಬೇಕು. ಆದರೆ ಮಳೆಗಾಲದಲ್ಲಿ ನೀರಿಗಿಳಿಸಬೇಡಿರಿ. ಇಳಿಯುವ ಮುನ್ನ ದಂಡೆಯ ಮೀನುಗಾರರನ್ನು ಕೇಳಿರಿ. ಸೆಳೆತಕ್ಕೆ ಸಿಕ್ಕವರು ಅದಕ್ಕೆ ಎದುರಾಗಿ ಈಜದೆ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡದತ್ತ ಬರಬೇಕೆಂದು ಮೊದಲೇ ಕಲಿಸಿರಿ. ವಿಶ್ರಾಂತಿ ಎಲ್ಲರಿಗೂ ಬೇಕು, ಶಿಕ್ಷಕರಿಗೂ ಬೇಕು. ಆದರೆ ಅದಕ್ಕೆ ಸರದಿ ಇರಲಿ. ಒಬ್ಬರು ಕಣ್ಣು ಮುಚ್ಚಿದಾಗ ಇನ್ನೊಬ್ಬರು ಎಚ್ಚರವಾಗಿರಲಿ.

ಹೆಸರು ತಿಳಿಯದ ಆ ಕಡಲ ಮಗನಿಗೆ ಈ ತಡವಾದ ಶರಣು.