ಹಿತ್ತಿಲ ತೆನೆ, ತೋಟದ ಬಲೆ

ವಿಜಯಪುರದ ನಮ್ಮ ಮನೆಯ ಹಿತ್ತಿಲಲ್ಲಿ ಬೇವಿನ ಮರವೊಂದಿದೆ. ಚಳಿಗಾಲ ಬಂತೆಂದರೆ ಅದರ ಕೆಳಗೊಂಬೆಗೆ ಬಿಳಿಜೋಳದ ತೆನೆಗಳನ್ನು ಕಟ್ಟಿ, ಬುಡದಲ್ಲಿ ಬೋಗುಣಿಯ ತುಂಬ ನೀರಿಡುವುದು ನಮ್ಮ ತಾಯಿಯವರು ನಡೆಸಿಕೊಂಡು ಬಂದ ಪದ್ಧತಿ. ನಾವು ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ ಗುಬ್ಬಿಗಳ ಪಂಕ್ತಿ ಕುಳಿತೇ ಇರುತ್ತದೆ.

ಗುಬ್ಬಿಗಳು ಮನೆಯವರು. ಅತಿಥಿಗಳೆಂದರೆ ಗುಲಾಬಿ ಮೈಯ, ಕರಿತಲೆಯ ಕಬ್ಬಕ್ಕಿಗಳು. ಕಜಕಿಸ್ತಾನದಂಥ ದೂರದ ಬಯಲುಗಳಲ್ಲಿ ಮಿಡತೆ ತಿಂದು ಮರಿಮಾಡಿ, ನಮ್ಮ ಜೋಳ ತೆನೆಗಟ್ಟುವ ಕಾಲಕ್ಕೆ ಹಿಂಡುಹಿಂಡಾಗಿ ಇಲ್ಲಿರುತ್ತವೆ. ತಾಯಿಯವರು ಅವನ್ನು ಜಂಗಮರೆಂದೇ ಕರೆಯುವರು. ಬಬಲೇಶ್ವರದ ಬೀಗರಲ್ಲಿಗೆ ಹೋಗುವಾಗ ಸಾರವಾಡದ ಬಳಿ ಡೋಣಿಯ ದಂಡೆಯಲ್ಲಿ ಗಾಡಿ ನಿಲ್ಲಿಸಲು ಹೇಳುವವರೂ ಅವರೇ. ಡೋಣಿಯ ನೀರು ಉಪ್ಪು. ಆದರೂ ಅದರ ಅಂಚಿನಲ್ಲಿ ಹಿಮಾಲಯದಾಚೆಯಿಂದ ಬಂದ ಸಿಪಿಲೆಗಳು ಬಾಲ ಕುಣಿಸುತ್ತ ಹುಳ ಹೆಕ್ಕುತ್ತಿರುತ್ತವೆ.

ಟಿಕೋಟಾದ ಹೊಲದಲ್ಲಿ ನಮ್ಮ ತಂದೆಯವರು ಅಟ್ಟಣಿಗೆಯ ಮೇಲೆ ಕುಳಿತು ಕವಣೆ ಬೀಸುತ್ತಿದ್ದರು. ಕಲ್ಲು ಹಕ್ಕಿಗೆ ತಾಗಿದ್ದನ್ನು ನಾವು ಕಂಡಿಲ್ಲ. ಬಹುಶಃ ತಾಗಿಸುವ ಮನಸ್ಸೇ ಅವರಿಗಿರಲಿಲ್ಲ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲುವಾಗ ಮಾತ್ರ ಕವಣೆ ಮನೆಯಲ್ಲೇ ಉಳಿಯುತ್ತಿತ್ತು.

ಈಗ ಅದೇ ಹೊಲ ದ್ರಾಕ್ಷಿ ತೋಟವಾಗಿದೆ. ಸಾಲ ಮಾಡಿ ಚಪ್ಪರ ಹಾಕಿದ ಮೇಲೆ ಹಣ್ಣನ್ನು ಹಕ್ಕಿಗೆ ಬಿಡುವ ಔದಾರ್ಯ ನಮಗೆ ಉಳಿಯಲಿಲ್ಲ. ಅಗ್ಗದ ತೆಳುಬಲೆ ತಂದು ಸಡಿಲಾಗಿ ಹೊದಿಸಿದೆವು. ಕಳೆದ ವರ್ಷ ಮಾಘದಲ್ಲಿ ಒಂದು ಮುಂಜಾನೆ ಹೋಗಿ ನೋಡಿದರೆ ಬಲೆಯ ಮಡಿಕೆಯಲ್ಲಿ ನಾಲ್ಕು ಕಬ್ಬಕ್ಕಿಗಳು. ಮೂರು ತಣ್ಣಗಾಗಿದ್ದವು. ನಾಲ್ಕನೆಯದರ ಕಾಲಿನ ನೂಲನ್ನು ಕತ್ತರಿಯಿಂದ ಬಿಡಿಸುವಾಗ ಅದರ ಎದೆ ನಮ್ಮ ಅಂಗೈಯಲ್ಲಿ ಹೊಡೆದುಕೊಂಡ ಪರಿಯನ್ನು ಬರೆಯಲು ಬಾರದು. ಅದು ಹಾರಿತು.

ತಾಯಿಯವರಿಗೆ ಹೇಳದಿರಲು ಯೋಚಿಸಿದೆವು, ಸಂಜೆ ಹೇಳಿದೆವು. ಅವರು ಬಯ್ಯಲಿಲ್ಲ. ‘ಹಿತ್ತಿಲಲ್ಲಿ ಉಣಿಸಿ ಹೊಲದಲ್ಲಿ ಕೊಂದರೆ ಅದಾವ ದಾಸೋಹ?’ ಎಂದಷ್ಟೇ ಕೇಳಿದರು.

ಬಲೆಯನ್ನೇ ತೆಗೆದುಬಿಟ್ಟೆವೆಂದು ಬರೆದರೆ ಸುಳ್ಳಾದೀತು. ಈ ವರ್ಷ ದಪ್ಪ ನೂಲಿನ, ಕಣ್ಣಿಗೆ ಕಾಣುವ ಬಿಳಿಬಲೆ ತಂದು, ಮಡಿಕೆ ಬೀಳದಂತೆ ಬಿಗಿದು, ಅಂಚನ್ನು ನೆಲಕ್ಕೆ ಊರಿದ್ದೇವೆ. ಬದುವಿನುದ್ದಕ್ಕೆ ಆರು ಸಾಲು ಜೋಳ ಬಿತ್ತಿ ಕಾಯದೆ ಬಿಟ್ಟಿದ್ದೇವೆ. ದಿನವೂ ಎರಡು ಹೊತ್ತು ಬಲೆಯ ಸುತ್ತ ತಿರುಗುತ್ತೇವೆ. ಮನೆಗೆ ಮರಳಿದೊಡನೆ ತಾಯಿಯವರು ಹಣ್ಣಿನ ದರ ಕೇಳುವುದಿಲ್ಲ. ‘ಬಲೆ ನೋಡಿ ಬಂದಿರಾ?’ ಎನ್ನುತ್ತಾರೆ.