ಗಡಿಯೂರಿನ ಕೀಬೋರ್ಡು

ಬೆಂಗಳೂರಿನಿಂದ ಬೊಮ್ಮಸಂದ್ರದವರೆಗೆ 2025ರ ಆಗಸ್ಟ್‌ನಿಂದ ಮೆಟ್ರೊ ಇದೆ. ಅಲ್ಲಿಂದ ಮುಂದೆ ಬಸ್ಸೇ ಗತಿ. ಚಂದಾಪುರ ದಾಟಿದ ಮೇಲೆ ಬರುವುದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆ. ಊರು ಮುಗಿದರೆ ಕರ್ನಾಟಕವೂ ಮುಗಿಯಿತು, ಆಚೆ ಹೊಸೂರು. ಹೆದ್ದಾರಿಯ ಲಾರಿಗಳು, ಪಾಳಿ ಮುಗಿಸಿ ಬರುವ ಕಾರ್ಮಿಕರು, ಒಂದೇ ಅಂಗಡಿಯಲ್ಲಿ ಕನ್ನಡ, ತಮಿಳು, ತೆಲುಗು - ಇದು ಇಲ್ಲಿಯ ದಿನಚರಿ.

ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ಈ ಭಾಗದ ಬೀದಿಗಳಲ್ಲಿ ಪೆಂಡಾಲು ಏಳುತ್ತದೆ, ರಾತ್ರಿ ಆರ್ಕೆಸ್ಟ್ರಾ ನಡೆಯುತ್ತದೆ. ಹತ್ತು ವಾದ್ಯಗಾರರನ್ನು ಕರೆಸುವ ಶಕ್ತಿ ಎಲ್ಲ ಯುವಕ ಸಂಘಗಳಿಗೂ ಇರುವುದಿಲ್ಲ. ಆಗ ಕೈಹಿಡಿಯುವುದು ಅರೇಂಜರ್ ಕೀಬೋರ್ಡು. ಎಡಗೈ ಮೂರು ಸ್ವರಗಳ ಒಂದು ಕಾರ್ಡ್ ಒತ್ತಿದರೆ ಸಾಕು. ಡ್ರಮ್ಸ್, ಬೇಸ್, ಗಿಟಾರ್ ಎಲ್ಲವನ್ನೂ ಯಂತ್ರ ಒದಗಿಸುತ್ತದೆ. ಬಲಗೈ ಹಾಡಿನ ಮಟ್ಟು ನುಡಿಸುತ್ತದೆ. ಭಾರತಕ್ಕೆಂದೇ ಬಂದ ಯಮಹಾ ಪಿಎಸ್‌ಆರ್-ಐ ಸರಣಿಯಲ್ಲಿ ತಬಲಾದ ತಾಳಗಳೂ ಇವೆ.

"ಅದು ಆಟಿಕೆ, ಯಂತ್ರವೇ ನುಡಿಸುತ್ತದೆ" ಎಂದು ಮೂಗು ಮುರಿಯುವವರುಂಟು. ಈ ಮಾತು ಕಿವಿಗೆ ಬಿದ್ದ ಹುಡುಗ ಮನೆಗೆ ಬಂದು ಸಿಂಥಸೈಜರ್ ಬೇಕೆಂದು ಹಟ ಹಿಡಿಯುತ್ತಾನೆ. ಕಾರ್ಖಾನೆಯ ಅಪ್ಪ ಓವರ್‌ಟೈಮ್ ಲೆಕ್ಕ ಹಾಕತೊಡಗುತ್ತಾನೆ.

ಹಾಗಾದರೆ ಸಿಂಥಸೈಜರ್ ಮಾಡುವುದೇನು? ಅದು ನಾದವನ್ನೇ ಕಟ್ಟುತ್ತದೆ. ಅಲೆಯ ಆಕಾರ, ಅದನ್ನು ಸೋಸುವ ಬಗೆ, ಏರಿಳಿಯುವ ವೇಗ ಎಲ್ಲವೂ ನುಡಿಸುವವನ ಕೈಯಲ್ಲಿ. ಯಮಹಾದ ಡಿಎಕ್ಸ್7 (1983), ಕೊರ್ಗ್‌ನ ಎಂ1 (1988) ಸಿನಿಮಾ ಸಂಗೀತದ ಬಣ್ಣವನ್ನೇ ಬದಲಿಸಿದವು. ಬೊಮ್ಮಸಂದ್ರದ ವರ್ಕ್‌ಶಾಪುಗಳನ್ನು ಬಲ್ಲವರಿಗೆ ವ್ಯತ್ಯಾಸ ಸುಲಭ: ಒಬ್ಬ ಅಚ್ಚು ಮಾಡುತ್ತಾನೆ, ಇನ್ನೊಬ್ಬ ಅದೇ ಅಚ್ಚಿನಿಂದ ಹೊತ್ತಿಗೆ ಸರಿಯಾಗಿ ಮಾಲು ಇಳಿಸುತ್ತಾನೆ. ಇಬ್ಬರದೂ ಕಸುಬೇ.

ಬೆಲೆಯೂ ಅಳತೆಗೋಲಲ್ಲ. ಯಮಹಾ 2017ರಲ್ಲಿ ತಂದ ಜೆನೋಸ್ ಎಂಬ ಅರೇಂಜರ್ ಅನೇಕ ಸಿಂಥಸೈಜರ್‌ಗಳಿಗಿಂತ ದುಬಾರಿ. ಟ್ರಿನಿಟಿ ಕಾಲೇಜ್ ಲಂಡನ್ ಎಲೆಕ್ಟ್ರಾನಿಕ್ ಕೀಬೋರ್ಡಿಗೆಂದೇ 8ನೇ ಗ್ರೇಡ್‌ವರೆಗೆ ಪರೀಕ್ಷೆ ನಡೆಸುತ್ತದೆ. ಅಲ್ಲಿ ತಾಳದ ಜೊತೆ ನುಡಿಸುವುದು ತಪ್ಪಲ್ಲ, ಅದೇ ಪಾಠ.

ವೇದಿಕೆಯ ಮೇಲೆ ನಿಂತವನ ಕಷ್ಟ ಬೇರೆ. ಗಾಯಕಿ ಶ್ರುತಿ ಇಳಿಸೆಂದರೆ ಆ ಕ್ಷಣವೇ ಇಳಿಸಬೇಕು. ಕನ್ನಡದ ಹಾಡಿನ ಬೆನ್ನಿಗೇ ತಮಿಳಿನದು ಬಂದರೆ ತಾಳ ಬದಲಾಗಬೇಕು. ಪಲ್ಲವಿ ಎಲ್ಲಿ ಮುಗಿಯಿತು, ಚರಣ ಎಲ್ಲಿ ಹಿಡಿಯಬೇಕು ಎಂಬುದು ಯಂತ್ರಕ್ಕೆ ತಿಳಿಯದು. ತಪ್ಪು ಕಾರ್ಡ್ ಒತ್ತಿದರೆ ಇಡೀ ವಾದ್ಯಮೇಳವೇ ಅವನ ಜೊತೆ ತಪ್ಪುತ್ತದೆ.

ಅಪಾಯ ಇಲ್ಲವೆಂದಲ್ಲ. ಗುಂಡಿ ಒತ್ತುತ್ತಲೇ ಕಲಿತ ಮಗುವಿಗೆ ಎಡಗೈ ಸೋಮಾರಿಯಾಗಬಹುದು, ಲಯ ಮೈಗೂಡದೆ ಉಳಿಯಬಹುದು. ಆದ್ದರಿಂದ ಬೋನಸ್ ಹಣ ತೆಗೆಯುವ ಮುನ್ನ ತಂದೆತಾಯಿಯರು ಒಂದು ಪರೀಕ್ಷೆ ಮಾಡಬಹುದು. ತಾಳದ ಗುಂಡಿ ಆರಿಸಿ, ಒಂದು ಹಾಡನ್ನು ಎರಡೂ ಕೈಯಲ್ಲಿ ನುಡಿಸಲು ಹೇಳಿ. ತಡವರಿಸಿದರೆ ಹೊಸ ವಾದ್ಯದಿಂದ ಆ ಕೊರತೆ ತುಂಬದು. ತಡವರಿಸದಿದ್ದರೆ ಮನೆಯಲ್ಲಿರುವ ಕೀಬೋರ್ಡು ಸಣ್ಣದೇನಲ್ಲ. ಮುಂದೊಂದು ದಿನ ಆ ಮಗು ಸ್ವಂತ ನಾದ ಕಟ್ಟುವ ಆಸೆಯಿಂದ ಸಿಂಥಸೈಜರ್ ಕೇಳಿದರೆ, ಅದು ಹಟವಲ್ಲ, ಹಸಿವು.