ನೆನಪಿನ ದಾರಿಯಲ್ಲಿ ಧಾರವಾಡ

ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ತೆರೆದುಕೊಳ್ಳುವ ಅಂಚಿನಲ್ಲಿದೆ ಧಾರವಾಡ. ಏರಿಳಿಯುವ ಬೀದಿಗಳು, ಹೆಂಚು ಹೊದ್ದ ಹಳೆಯ ಮನೆಗಳು, ಬಿಟ್ಟೂಬಿಡದ ಜಿಟಿಜಿಟಿ ಮಳೆ ಈ ಊರಿನ ಚೆಲುವು. ಇಲ್ಲಿ ಓದಿದವರು ಎಲ್ಲಿಯೇ ನೆಲೆಸಿದರೂ ಧಾರವಾಡವನ್ನು ಮರೆಯಲಾರರು. ಹಿರಿಯರಿರುವ ಕುಟುಂಬಗಳು ಈ ಮಾತನ್ನು ತುಸು ಆಳವಾಗಿ ವಿಚಾರಿಸಿ ನೋಡಬೇಕು.

ಕಳೆದ ಮಳೆಗಾಲದಲ್ಲಿ ಎಪ್ಪತ್ತಾರು ವರ್ಷದ ನಮ್ಮ ಕಾಕಾ ಅವರೊಡನೆ ಈ ಊರನ್ನು ಸುತ್ತಿದೆ. ಅವರು ನಿವೃತ್ತ ಶಿಕ್ಷಕರು. ಬಾಲ್ಯದಲ್ಲಿ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಈಚೆಗೆ ಅವರಿಗೆ ಬೆಳಗಿನ ಗುಳಿಗೆ ನುಂಗಿದ್ದು ನೆನಪಿರುವುದಿಲ್ಲ. ಹೊಸದಾಗಿ ಮನೆ ತುಂಬಿದ ಮೊಮ್ಮಗನ ಹೆಂಡತಿಯ ಹೆಸರು ನಾಲಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಮನೆಯವರು ಹೆದರಿ, ಇನ್ನು ಅವರನ್ನು ಒಬ್ಬರನ್ನೇ ಹೊರಗೆ ಕಳಿಸಬಾರದೆಂದು ನಿಶ್ಚಯಿಸುವುದರಲ್ಲಿದ್ದರು.

“ಊರು ಮರ್ತಿಲ್ಲೋ ತಮ್ಮಾ, ಊರಾಗ ಯಾಕ ಬಂದೇನನ್ನೋದು ಮರೀತೇನಿ” ಎಂದರು ಕಾಕಾ. ವೈದ್ಯರು ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಇದು ಅರಿವಿನ ಸೌಮ್ಯ ಕುಂದು. ವಯೋಸಹಜ ಮರೆವಿಗಿಂತ ಹೆಚ್ಚಿನದು. ಆದರೆ ದೈನಂದಿನ ಬಾಳನ್ನೇ ಕೆಡಿಸುವ ಡಿಮೆನ್ಷಿಯಾ ಅಲ್ಲ. ಇಂಥವರಲ್ಲಿ ಕೆಲವರು ಮುಂದೆ ಡಿಮೆನ್ಷಿಯಾಕ್ಕೆ ಜಾರುತ್ತಾರೆ, ಕೆಲವರು ಹಾಗೆಯೇ ಉಳಿಯುತ್ತಾರೆ, ಕೆಲವರು ಸುಧಾರಿಸುವುದೂ ಉಂಟು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಕಿವಿಮಂದ, ನಿದ್ರೆಯ ಗುಳಿಗೆಗಳು ಮರೆವನ್ನು ಹೆಚ್ಚಿಸಬಲ್ಲವಾದ್ದರಿಂದ ಮೊದಲು ಅವುಗಳ ಪರೀಕ್ಷೆಯಾಗಬೇಕು. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ; ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಪರೀಕ್ಷೆಗಳಾದ ಮೇಲೆ ಉಳಿದದ್ದು ಅಭ್ಯಾಸ. ಪ್ರಾಚೀನ ಗ್ರೀಸ್ ಮತ್ತು ರೋಮಿನ ವಾಗ್ಮಿಗಳು ದೀರ್ಘ ಭಾಷಣಗಳನ್ನು ನೆನಪಿಡಲು ಒಂದು ಉಪಾಯ ಮಾಡುತ್ತಿದ್ದರು. ಪರಿಚಿತ ಕಟ್ಟಡವೊಂದನ್ನು ಮನಸ್ಸಿನಲ್ಲಿ ಕಂಡು, ಅದರ ಒಂದೊಂದು ಮೂಲೆಯಲ್ಲಿ ಒಂದೊಂದು ವಿಷಯವನ್ನು ಇರಿಸುತ್ತಿದ್ದರು. ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವು ಹೊಸ ನೆನಪುಗಳನ್ನು ಕೂಡಿಸುವುದರೊಡನೆ ಸ್ಥಳಜ್ಞಾನವನ್ನೂ ನೋಡಿಕೊಳ್ಳುತ್ತದೆ. ಸ್ಥಳವನ್ನು ಗುರುತಿಸುವ ಜೀವಕೋಶಗಳ ಶೋಧಕ್ಕಾಗಿ ಜಾನ್ ಓಕೀಫ್, ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆಲ್ಝೈಮರ್ ಕಾಯಿಲೆಯಲ್ಲಿ ಮೊದಲು ಸೊರಗುವ ಭಾಗಗಳಲ್ಲಿ ಇದೂ ಒಂದು. ಆದುದರಿಂದ ಹಿರಿಯರಿಗೆ ಹೊಸ ಸ್ಥಳ ಒದಗದು. ಬಹುಕಾಲ ನಡೆದಾಡಿದ ಹಳೆಯ ದಾರಿಯೇ ಬೇಕು. ಹೊಸ ನೆನಪಿಗೆ ಹಳೆಯ ನೆನಪೇ ಗೂಟ.

ಕಾಕಾ ತಮ್ಮ ಗೂಟಗಳನ್ನು ತಾವೇ ಆರಿಸಿದರು. ಮೊದಲನೆಯದು ಮುರುಘಾಮಠ. ದೂರದ ಹಳ್ಳಿಗಳಿಂದ ಬರಿಗೈಯಲ್ಲಿ ಬಂದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯ ನೀಡಿದ ಸ್ಥಾನವದು. ಅಲ್ಲಿಯ ಪಂಕ್ತಿಯಲ್ಲಿ, ತಮ್ಮ ಎಲೆಯ ತುದಿಗೆ ಬೆಳಗಿನ ಗುಳಿಗೆ ಬಡಿಸಿದಂತೆ ಅವರು ಕಲ್ಪಿಸಿಕೊಂಡರು. ಎರಡನೆಯದು ಲೈನ್ ಬಜಾರಿನ ಪೇಡೆಯಂಗಡಿ. ಮೊಮ್ಮಗನ ಹೆಂಡತಿಯದು ಹೂವಿನ ಹೆಸರು. ಆ ಹೂವಿನ ಮಾಲೆಯನ್ನು ತಕ್ಕಡಿಯಲ್ಲಿ ಪೇಡೆಯ ಎದುರು ತೂಗಿದರು. ಮೂರನೆಯದು ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಪ್ರಕಾಶನದ ಮೆಟ್ಟಿಲ ಮೇಲೆ ಕಾಕಾ ಅವರ ಕನ್ನಡಕ ಕುಳಿತಿತು. ನಾಲ್ಕನೆಯದು 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ. ಅದರ ವೇದಿಕೆಯಲ್ಲಿ ವಿದ್ಯುತ್ ಬಿಲ್ಲು ನಿಂತು ಭಾಷಣ ಮಾಡತೊಡಗಿತು. ಐದನೆಯದು ಸಾಧನಕೇರಿ. 1973ರ ಜ್ಞಾನಪೀಠ ಪ್ರಶಸ್ತಿಯ ಕವಿ ಬೇಂದ್ರೆಯವರು ಬಾಳಿದ ಆ ಕೇರಿಯ ಕೆರೆಯ ದಂಡೆಯಲ್ಲಿ ಮನೆಯ ಕೀಲಿಕೈ ಹೊಳೆಯಿತು. ಚಿತ್ರ ನಗೆ ತರಿಸುವಂತಿದ್ದಷ್ಟೂ ಚೆನ್ನಾಗಿ ಉಳಿಯುತ್ತದೆ. ಸ್ಥಳಗಳ ಅನುಕ್ರಮ ನಮ್ಮ ಇಷ್ಟ. ಆದರೆ ಒಮ್ಮೆ ಆರಿಸಿದ ಕ್ರಮವನ್ನು ಬದಲಿಸಬಾರದು.

ಈ ಅಭ್ಯಾಸದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಅರಿತಿರಬೇಕು. ಅಮೆರಿಕದಲ್ಲಿ ಡಿಮೆನ್ಷಿಯಾ ಇಲ್ಲದ, 65 ವರ್ಷ ದಾಟಿದ 2,802 ಜನರ ಮೇಲೆ ‘ಆಕ್ಟಿವ್’ ಎಂಬ ದೊಡ್ಡ ಅಧ್ಯಯನ ನಡೆಯಿತು. 2002ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ನೆನಪಿನ ತರಬೇತಿ ಪಡೆದವರ ನೆನಪು ಸುಧಾರಿಸಿತು. ತರ್ಕವಾಗಲಿ ಚುರುಕಾಗಲಿ ಹೆಚ್ಚಲಿಲ್ಲ. ಹತ್ತು ವರ್ಷಗಳ ಬಳಿಕ ನೋಡಿದಾಗ, ತರ್ಕ ಮತ್ತು ಚುರುಕಿನ ತರಬೇತಿಯ ಲಾಭ ಉಳಿದಿತ್ತು, ನೆನಪಿನ ತರಬೇತಿಯದು ಉಳಿದಿರಲಿಲ್ಲ. ಅಂದಮೇಲೆ ಯಾವುದನ್ನು ಅಭ್ಯಾಸ ಮಾಡುತ್ತೇವೆಯೋ ಅದಷ್ಟೇ ಕೈಗೆ ಹತ್ತುತ್ತದೆ. ಬಿಟ್ಟರೆ ಅದೂ ಜಾರುತ್ತದೆ. ಹಿರಿಯರಿಗೆ ಗೊತ್ತುಗುರಿಯಿಲ್ಲದ ಪದಪಟ್ಟಿಗಳನ್ನು ಉರುಹಚ್ಚಿಸಿ ಫಲವಿಲ್ಲ. ಗುಳಿಗೆ, ಕೀಲಿಕೈ, ಮನೆಮಂದಿಯ ಹೆಸರು, ಹೀಗೆ ಅವರ ಸ್ವಾತಂತ್ರ್ಯ ಕಾಯುವ ನಾಲ್ಕೈದು ಸಂಗತಿಗಳು ಸಾಕು.

ಇಲ್ಲಿ ಮನೆಯವರ ಪಾತ್ರ ದೊಡ್ಡದು. “ನಾ ಯಾರು ಹೇಳ್ರಿ ನೋಡೋಣ” ಎಂದು ನಾಲ್ವರ ಮುಂದೆ ಹಿರಿಯರನ್ನು ಪರೀಕ್ಷಿಸುವುದು ಸಲ್ಲದು. ಊಹಿಸಿ ಹೇಳಿದ ತಪ್ಪು ಉತ್ತರವೇ ಮನಸ್ಸಿನಲ್ಲಿ ಬೇರೂರುವ ಸಂಭವವಿದೆ. ಸರಿಯಾದುದನ್ನು ಮೊದಲು ನಾವೇ ಹೇಳಿ, ಅರ್ಧ ನಿಮಿಷದ ಬಳಿಕ ಕೇಳಬೇಕು. ಅನಂತರ ಒಂದು, ಎರಡು, ನಾಲ್ಕು, ಎಂಟು ನಿಮಿಷಗಳಿಗೆ ಅಂತರವನ್ನು ಹಿಗ್ಗಿಸಬೇಕು. ತಪ್ಪಿದರೆ ಕೂಡಲೇ ಉತ್ತರ ತಿಳಿಸಿ, ಹಿಂದೆ ಗೆದ್ದ ಅಂತರಕ್ಕೆ ಮರಳಬೇಕು. ಜೇಬಿನಲ್ಲೊಂದು ಚಿಕ್ಕ ವಹಿ, ವಾರದ ಗುಳಿಗೆಡಬ್ಬಿ, ಕೀಲಿಕೈಗೆ ಒಂದೇ ಗೂಟ, ದಿನವೂ ನಡಿಗೆ ಇವು ಅಭ್ಯಾಸಕ್ಕೆ ಊರುಗೋಲು.

ಆರು ವಾರ ಕಳೆದ ಮೇಲೆ ಕಾಕಾ ಅವರ ಐದು ಗೂಟಗಳಲ್ಲಿ ನಾಲ್ಕು ಭದ್ರವಾಗಿ ನಿಂತವು. ವಿದ್ಯುತ್ ಬಿಲ್ಲು ಮಾತ್ರ ಈಗಲೂ ವಹಿಯನ್ನೇ ನಂಬಿದೆ. ಪೇಟೆಗೆ ಅವರು ಒಬ್ಬರೇ ಹೋಗಿಬರುತ್ತಾರೆ. ಕಾಯಿಲೆ ಮುಂದುವರಿದರೆ ಈ ಗೂಟಗಳೂ ಅಲುಗಬಹುದು. ಅಲ್ಲಿಯವರೆಗಿನ ದಿನಗಳು ಅವರದೇ.

ಧಾರವಾಡ ಒಂದು ನಿದರ್ಶನವಷ್ಟೇ. ಪ್ರತಿಯೊಬ್ಬ ಹಿರಿಯರ ಎದೆಯಲ್ಲಿಯೂ ಅಂಥದೊಂದು ಊರಿರುತ್ತದೆ: ಅಗಸೆಬಾಗಿಲು, ಹಳೆಯ ಸಾಲೆ, ಬಾವಿಕಟ್ಟೆ, ಸಂತೆಯ ಬಯಲು. ಈ ಬಾರಿ ಜಾತ್ರೆಗೆಂದು ಊರಿಗೆ ಹೋದಾಗ ಅವರನ್ನು ಮುಂದೆ ಬಿಟ್ಟು, ನೀವು ಹಿಂದೆ ನಡೆಯಿರಿ. ದಾರಿ ತೋರಿಸುವ ಕೆಲಸ ಅವರದಾಗಲಿ.